ಒಂದು ಮಾರು ದೂರ

ಮಮತಾ ತನ್ನಿಂದ ಒಂದು ಮಾರು ದೂರ ಯಾಕೆ ನಿಲ್ಲುತ್ತಾಳೆ ಎನ್ನುವುದು ಭಾನುಪ್ರಿಯಳ ತಲೆಯನ್ನು ಕೊರೆಯುತ್ತಲೇ ಇತ್ತು.

ಭಾನುಪ್ರಿಯ ಮಾಗಡಿ ಕಡೆಯವಳು, ಆರಡಿ ಎತ್ತರ. ಮೊದಲು ಚೆನ್ನೈನ ಕ್ಲಬ್ಬಿಗೆ, ಆಮೇಲೆ ಬ್ಯಾಂಕಾಕಿನ ಕ್ಲಬ್ಬಿಗೆ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವಳು. ಅಲ್ಲೊಂದು ಸಂಜೆ ಚೆಂಡಿಗೆಂದು ಹಾರಿ ಇಳಿಯುವಾಗ ಬಲಮಂಡಿ ಒಳಗೇ ಕಿತ್ತುಹೋಯಿತು. ಆಪರೇಷನ್ ಆಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಈಗ ರಾಮನಗರದ ಕಾಲೇಜೊಂದರಲ್ಲಿ ಹುಡುಗಿಯರ ಟೀಮಿಗೆ ಕೋಚ್. ಮಂಡಿ ಮಾತ್ರ ನೋವಿನೆಣ್ಣೆ ಬೀಳದೆ ಮಾತು ಕೇಳುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಹಚ್ಚಬೇಕು, ಕೋರ್ಟಿಗಿಳಿಯುವ ಮುಂಚೆ ಇನ್ನೊಮ್ಮೆ ಹಚ್ಚಬೇಕು.

ಆಡುವಾಗ ತನ್ನ ಕೈಕಾಲು ತಾನು ಹೇಳಿದಂತೆ ಕೇಳುತ್ತಿದ್ದವು. ಬೇರೆಯವರ ಕೈಕಾಲಿಗೆ ಹೇಳುವ ಕೆಲಸ ಬೇರೆಯೇ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಅದರಲ್ಲೂ ಈ ಮಮತಾ. ಅಕ್ಕೂರಿನಿಂದ ಬಸ್ಸಿಗೆ ಬರುವ ಹುಡುಗಿ. ಚೆಂಡು ಅವಳ ಕೈಗೆ ಬಂದರೆ ಸದ್ದೇ ಆಗುತ್ತಿರಲಿಲ್ಲ. ಹತ್ತಿಯ ಮೇಲೆ ಬಿದ್ದಂತೆ ಬೀಳುತ್ತಿತ್ತು. ಅಂಥ ಕೈಯನ್ನು ಭಾನುಪ್ರಿಯ ಬ್ಯಾಂಕಾಕಿನಲ್ಲೂ ಕಂಡಿರಲಿಲ್ಲ. ಆದರೆ ಎಲ್ಲರೂ ಕೋಚ್ ಸುತ್ತ ತಲೆಗೆ ತಲೆ ಹಚ್ಚಿ ನಿಂತರೆ ಅವಳೊಬ್ಬಳು ಆಚೆ, ಗಾಳಿ ಬರುವ ಕಡೆ ಹೋಗಿ ನಿಲ್ಲುತ್ತಿದ್ದಳು.

ಅದೂ ಸದಾ ಅಲ್ಲ ಎನ್ನುವುದೇ ಸೋಜಿಗ. ಕೆಲವು ವಾರ ಪಕ್ಕದಲ್ಲೇ ಕುಳಿತು, ಭಾನುಪ್ರಿಯಳ ಡಬ್ಬಿಯಿಂದ ಚಕ್ಕುಲಿ ಎತ್ತಿ ತಿಂದು, ಬ್ಯಾಂಕಾಕಿನ ಕತೆ ಕೇಳುತ್ತಿದ್ದಳು. ಇದ್ದಕ್ಕಿದ್ದಂತೆ ಒಂದು ದಿನ ಮತ್ತೆ ದೂರ. ಬೈದದ್ದಕ್ಕೆ ಇರಬಹುದೇ? ಬೈದ ಮಾರನೆಯ ದಿನವೂ ಹತ್ತಿರ ಬಂದದ್ದುಂಟು. ಸೋತದ್ದಕ್ಕೇ? ಗೆದ್ದಾಗಲೂ ದೂರ ನಿಂತಿದ್ದಳು.

"ನಾನೇನಾದ್ರೂ ಅಂದ್‌ಬುಟ್ನಾ ಅವಳಿಗೆ?" ಎಂದು ಕ್ಯಾಪ್ಟನ್ ಹಿನಾಳನ್ನು ಕೇಳಿದಳು.

"ನಂಗೂ ಹೇಳಲ್ಲ ಮೇಡಂ. ಕೇಳಿದ್ರೆ ಮೂತಿ ಕೆಂಪಗೆ ಮಾಡ್ಕೊಂಡು ಓಡೋಗ್ತಾಳೆ. ಒಂದ್ಸಲ ನಿಮ್ಮ ಬಿಪಿ ಚೆಕ್ ಮಾಡಿಸ್ಕೊಳ್ಳಿ, ಬೈಯೋದು ಜಾಸ್ತಿ ಆಗೈತೆ."

"ನಿನ್ನ ಬಾಯಿಗೆ ಮೊದ್ಲು ಚೆಕಪ್ ಮಾಡಿಸ್ತೀನಿ, ನಡಿ."

ನಗೆಯಲ್ಲೇ ಹೋಗುತ್ತಿತ್ತೇನೋ. ಆದರೆ ಮಾಗಡಿಯ ಪಂದ್ಯದಲ್ಲಿ ಒಂದೇ ಪಾಯಿಂಟಿನಿಂದ ಹಿಂದಿದ್ದಾಗ ಭಾನುಪ್ರಿಯ ಆಟ ನಿಲ್ಲಿಸಿ, ಎಲ್ಲರನ್ನೂ ಸೇರಿಸಿಕೊಂಡು, ಚೆಂಡನ್ನು ಎಡಮೂಲೆಯ ಹಿನಾಗೆ ಕೊಡಬೇಕೆಂದು ಹೇಳಿದಳು. ಆಚೆ ನಿಂತ ಮಮತಾಗೆ ಆಟ ನೋಡಲು ಬಂದವರ ತಮಟೆ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಹಿನಾ ಮೂಲೆಯಲ್ಲಿ ಒಂಟಿಯಾಗಿ ಕೈಯೆತ್ತಿ ನಿಂತಿದ್ದಳು. ಮಮತಾ ಚೆಂಡು ಹಿಡಿದು ಅತ್ತಿತ್ತ ನೋಡುತ್ತಿದ್ದಂತೆಯೇ ಆಟ ಮುಗಿದ ಸೀಟಿ ಕೂಗಿತು.

ಮುಂದಿನ ಶನಿವಾರ ಕನಕಪುರದಲ್ಲಿ ಪಂದ್ಯ. ಅಲ್ಲೂ ಸೋತರೆ ಈ ವರ್ಷದ ಆಟ ಮುಗಿದಂತೆ. ಹತ್ತಿರ ಬಾರದವಳನ್ನು ಆಡಿಸದೆ ಬೆಂಚಿನಲ್ಲಿ ಕೂರಿಸಿಬಿಡಬೇಕೆಂದು ಭಾನುಪ್ರಿಯ ಮನಸ್ಸು ಗಟ್ಟಿ ಮಾಡಿಕೊಂಡಳು. ಗುರುವಾರ ಮಮತಾ ಪ್ರಾಕ್ಟೀಸಿಗೇ ಬರಲಿಲ್ಲ, ಫೋನೂ ಎತ್ತಲಿಲ್ಲ. ಕೂರಿಸುವುದಿದ್ದರೂ ಕಾರಣ ತಿಳಿಯದೆ ಕೂರಿಸಲು ಮನಸ್ಸು ಒಪ್ಪಲಿಲ್ಲ. ಮಂಡಿಗೆ ಒಂದು ಕೈ ಎಣ್ಣೆ ತೀಡಿಕೊಂಡು ಸ್ಕೂಟರ್ ಹತ್ತಿದಳು.

ಅಕ್ಕೂರಿನಲ್ಲಿ ಮಮತಾಳ ಮನೆ ಸಿಕ್ಕಿತು. ಮನೆಯ ಪಕ್ಕ ಉದ್ದನೆಯ ರೇಷ್ಮೆಹುಳದ ಮನೆ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿಚೀಲ. ಅತ್ತ ಹೆಜ್ಜೆ ಇಟ್ಟದ್ದೇ ತಡ, ಒಳಗಿಂದ ಮುದುಕಿಯೊಬ್ಬಳು ಕೈಯಡ್ಡ ಹಿಡಿದು ಬಂದಳು.

"ಅಲ್ಲೇ ನಿಂತ್ಕಳವ್ವ! ಒಂದೆಜ್ಜೆ ಮುಂದಕ್ ಬರ್‌ಬ್ಯಾಡ!"

"ಅಜ್ಜಿ, ನಾನು ಮಮತಾ ಕಾಲೇಜಿನ..."

"ಗೊತ್ತಾಯ್ತು ಬುಡು. ಮೂಗೇ ಹೇಳ್ತು. ನಿನ್ ಎಣ್ಣೆ ವಾಸ್ನೆ ನಮ್ಮುಡ್ಗಿ ಜಡೇಲಿ ದಿನಾ ನೋಡ್ತೀನಲ್ಲ!"

ಅಜ್ಜಿಯ ಹೆಸರು ಸರಸಮ್ಮ. ಅವಳ ಬೆನ್ನ ಹಿಂದೆ ಮಮತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು.

"ಅಯ್ಯೋ ಅಜ್ಜಿ! ಹಂಗನ್ಬೇಡ!"

ಆಗ ಎಲ್ಲವೂ ಹೊರಬಂತು. ಹುಳಕ್ಕೆ ಘಾಟು ವಾಸನೆ ಆಗದು. ಹುಳ ಸಾಕುವ ದಿನಗಳಲ್ಲಿ ಆ ಮನೆಯಲ್ಲಿ ಒಗ್ಗರಣೆಯಿಲ್ಲ, ಊದುಬತ್ತಿಯಿಲ್ಲ, ಬೀಡಿ ಸೇದುವವರಿಗೆ ಅಂಗಳವೂ ಇಲ್ಲ. ಸಂಜೆ ಮಮತಾ ಬಂದಾಗ ಸರಸಮ್ಮ ಬಾಗಿಲಲ್ಲೇ ಅವಳ ಜಡೆ ಮೂಸಿ, ಎಣ್ಣೆ ಘಾಟು ಬಡಿದರೆ ತಲೆಗೆ ನೀರು ಹಾಕಿಕೊಳ್ಳುವವರೆಗೂ ಒಳಗೆ ಬಿಡುತ್ತಿರಲಿಲ್ಲ. ಹುಳ ಗೂಡು ಕಟ್ಟತೊಡಗಿದ ಮೇಲೆ, ಮುಂದಿನ ಮರಿಹುಳ ತರುವವರೆಗಿನ ಬಿಡುವಿನಲ್ಲಿ ಮಾತ್ರ ಮಮತಾ ಕೋಚ್ ಪಕ್ಕ ಕೂರಬಹುದಿತ್ತು.

"ಇಷ್ಟೇನಾ? ಹೇಳೋಕೇನಾಗಿತ್ತೆ ನಿಂಗೆ?"

"ಮೇಡಂಗೆ ಹೆಂಗ್ ಹೇಳ್ಲಿ," ಮಮತಾ ನೆಲ ನೋಡಿದಳು, "ನೀವು ನಾತ ಬತ್ತೀರಾ ಅಂತ?"

ಭಾನುಪ್ರಿಯ ತನ್ನ ಮಂಡಿಯನ್ನೇ ಹೊಸದಾಗಿ ಕಂಡವಳಂತೆ ನೋಡಿಕೊಂಡಳು. ಬಗ್ಗಿ ಮೂಸಿದಳು. ಅವಳಿಗೇನೂ ತಿಳಿಯಲಿಲ್ಲ, ಮೂಗಿಗೆ ಅದು ಎಂದೋ ರೂಢಿಯಾಗಿಹೋಗಿತ್ತು.

"ಶನಿವಾರ ಬತ್ತೀಯಾ?"

ಉತ್ತರ ಕೊಟ್ಟವಳು ಸರಸಮ್ಮ. "ಹುಳ ಹಣ್ಣಾಗ್‌ಬುಟ್ಟವೆ ಕಣವ್ವ. ಹಣ್ಣಾದುದ್ನ ಆಗಿಂದಾಗ್ಲೆ ಆರ್ಸಿ ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬುಡ್ಬೇಕು, ಇಲ್ದಿದ್ರೆ ಇದ್ದಲ್ಲೇ ನೂಲು ಸುರಿಸ್ತವೆ. ಕೂಲಿಯೋರು ಕೈ ಕೊಟ್ರು, ಇವಳಪ್ಪ ಚೆಲುವಯ್ಯ ಜನ ಹುಡುಕ್ಕಂಡು ಹೋಗವ್ನೆ. ಕೆಲ್ಸ ಮುಗುದ್ರೆ ಕಳುಸ್ತೀನಿ, ಇಲ್ದಿದ್ರೆ ಇಲ್ಲ."

ಭಾನುಪ್ರಿಯ ಸ್ಕೂಟರಿನ ಕೀ ತೆಗೆದು ಕಟ್ಟೆಯ ಮೇಲಿಟ್ಟಳು. "ಬಚ್ಚಲೆಲ್ಲಿದೆ ತೋರ್ಸಿ ಅಜ್ಜಿ."

ಸೀಗೇಪುಡಿ ಹಾಕಿ ಮಂಡಿಯನ್ನು ಕೆಂಪಗಾಗುವಂತೆ ಉಜ್ಜಿದಳು. ಎಣ್ಣೆ ಹತ್ತಿದ ಬಟ್ಟೆ ಬಿಚ್ಚಿಟ್ಟು ಉಟ್ಟ ಸರಸಮ್ಮನ ಸೀರೆ ಅವಳಿಗೆ ಮೀನಖಂಡದವರೆಗೇ ಬಂತು. ಅಜ್ಜಿ ಸುತ್ತು ಬಂದು ಮೂಸಿ ನೋಡಿ, ಗೋಣಿಚೀಲ ತುಳಿಸಿ, ಒಳಗೆ ಬಿಟ್ಟಳು.

ಒಳಗೆ ಸ್ಟ್ಯಾಂಡಿನ ಮೇಲೆ ಅಂತಸ್ತು ಅಂತಸ್ತಾಗಿ ಸೊಪ್ಪು, ಸೊಪ್ಪಿನ ಮೇಲೆ ತಲೆಯೆತ್ತಿ ತೂಗುವ ಹುಳಗಳು. ಮಮತಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ದ್ರಾಕ್ಷಿಯಂತೆ ಆಚೆಯ ಬೆಳಕು ಕಾಣುತ್ತಿತ್ತು. ಅದನ್ನು ಬಿದಿರಿನ ಸುರುಳಿಯ ಚಂದ್ರಿಕೆಗೆ ಬಿಟ್ಟಳು. ಭಾನುಪ್ರಿಯ ಹಿಡಿದ ಮೊದಲನೆಯದು ಬೆರಳ ನಡುವೆಯೇ ಒಡೆಯಿತು.

"ಬಿಗಿ ಹಿಡೀಬ್ಯಾಡಿ ಮೇಡಂ. ಇದೇನ್ ನಿಮ್ಮ ಸೀಟೀನಾ?"

ಹತ್ತಿಯ ಕೈ ಎಲ್ಲಿಂದ ಬಂತೆಂದು ಭಾನುಪ್ರಿಯಳಿಗೆ ಈಗ ತಿಳಿಯಿತು. ಆಮೇಲಾಮೇಲೆ ಅವಳ ಕೈಯೂ ಹದಕ್ಕೆ ಬಂತು. ಎಲ್ಲರೂ ಸ್ಟೂಲು ಹತ್ತುವ ಮೇಲಂತಸ್ತು ಅವಳಿಗೆ ನಿಂತಲ್ಲೇ ಎಟುಕುತ್ತಿತ್ತು.

"ನೋಡೇ ಮಮ್ತಾ," ಸರಸಮ್ಮ ಬಾಯಿಗೆ ಸೆರಗು ಹಿಡಿದಳು, "ಇವ್ರು ಇಷ್ಟು ವರ್ಷ ಆ ಚೆಂಡಿನ ಬುಟ್ಟಿಗೆ ಕೈ ಹಾಕ್ಕಂಡು ಸುಮ್ನೆ ಕಾಲ ಕಳುದ್ರು!"

ದೀಪ ಹಚ್ಚುವ ಹೊತ್ತಿಗೆ ಚೆಲುವಯ್ಯ ಇಬ್ಬರನ್ನು ಕರೆತಂದ. ಶುಕ್ರವಾರ ಮಧ್ಯಾಹ್ನ ಭಾನುಪ್ರಿಯ ಮತ್ತೆ ಬಂದಳು. ಸಂಜೆಗೆ ಕೊನೆಯ ಚಂದ್ರಿಕೆಯೂ ತುಂಬಿತು.

ಶನಿವಾರ ಕನಕಪುರದಲ್ಲಿ ಎಣ್ಣೆಯಿಲ್ಲದ ಮಂಡಿ ಬೆಂಕಿಯಾಗಿತ್ತು. ಬೆಂಚಿನಿಂದ ಏಳಲು ಹಿನಾ ಕೈ ಕೊಡಬೇಕಾಯಿತು. ಕೊನೆಯಲ್ಲಿ ಮತ್ತೆ ಒಂದೇ ಪಾಯಿಂಟಿನಿಂದ ಹಿಂದೆ, ಮತ್ತೆ ತಮಟೆ. ಭಾನುಪ್ರಿಯ ಆಟ ನಿಲ್ಲಿಸಿದಳು. ಹುಡುಗಿಯರು ಸುತ್ತ ಸೇರಿದರು. ಮಮತಾ ಎಲ್ಲರ ನಡುವೆ ತಲೆ ತೂರಿಸಿ, ಕಿವಿಯನ್ನು ಅವಳ ಬಾಯಿಗೇ ತಂದು ಹಿಡಿದಳು.

"ಎಡಮೂಲೆ. ಹಿನಾಗೆ."

"ಸರಿ ಮೇಡಂ." ಹೋಗುವ ಮುಂಚೆ ಒಮ್ಮೆ ಗಾಳಿ ಮೂಸಿದಳು. "ಅಯ್ಯೋ, ಇನ್ನೂ ಹಚ್ಕೊಂಡಿಲ್ವಾ? ಹುಳ ಗೂಡು ಕಟ್ತಾ ಅವೆ, ಇನ್ನು ಎಣ್ಣೆ ಹಚ್ಕಳಕ್ಕೇಳು ಅಂತ ಬೆಳಿಗ್ಗೇನೇ ಅಂದಿತ್ತು ಅಜ್ಜಿ. ಮರ್ತೇ ಬುಟ್ಟೆ!"

"ಲೇ!" ಎಂದು ಭಾನುಪ್ರಿಯ ಬೈಯುವಷ್ಟರಲ್ಲಿ ಅವಳು ಕೋರ್ಟಿನೊಳಗಿದ್ದಳು. ಚೆಂಡು ಅವಳ ಕೈಗೆ ಸದ್ದಿಲ್ಲದೆ ಬಂತು, ಹಾಗೆಯೇ ಎಡಮೂಲೆಗೆ ಹೋಯಿತು. ಹಿನಾ ಹಾರಿದಳು. ಚೆಂಡು ಬಲೆಯೊಳಗೆ ಇಳಿದಾಗ ಭಾನುಪ್ರಿಯ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಿದ್ದಳು.