ನಾಲ್ಕನೆಯ ರಾಡು

ಕಬ್ಬಿಣವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಸುಣ್ಣ ಬಳಿದು ಬಿಸಿಲಿಗೆ ಇಡಬೇಕು. ಒಳಗೆ ಎಲ್ಲಾದರೂ ಸೀಳಿದ್ದರೆ ಅಲ್ಲಿಂದ ಎಣ್ಣೆ ಮೆಲ್ಲಗೆ ಒಸರಿ, ಸುಣ್ಣದ ಮೇಲೆ ಗೆರೆ ಬೀಳುತ್ತದೆ. ಮೌನಾಚಾರಿ ಇದನ್ನು ಬಳ್ಳಾರಿಯ ಮೋಟಾರು ಶೆಡ್ಡಿನಲ್ಲಿ ದುಡಿಯುವಾಗ ಕಲಿತಿದ್ದ. ಈಗ ಆದೋನಿಯ ಹತ್ತಿ ಗಿರಣಿಯ ಹಿಂದೆ ಅವನದೇ ಒಂದು ತಗಡಿನ ಚಪ್ಪರವಿತ್ತು. ಅದರ ಮುಂದೆ ನಾಲ್ಕು ರಾಡುಗಳನ್ನು ಸಾಲಾಗಿ ಒರಗಿಸಿಟ್ಟು ಕುಕ್ಕುರುಗಾಲಲ್ಲಿ ಕೂತಿದ್ದ. ಎಂಜಿನ್ನಿನೊಳಗೆ ಪಿಸ್ಟನ್ನನ್ನು ಹಿಡಿದು ಮೇಲೆ ಕೆಳಗೆ ಆಡುವ, ಗೇಣುದ್ದದ ತೋಳುಗಳು ಅವು.

ಮೂರು ಬೆಳ್ಳಗೆ ಒಣಗಿದವು. ನಾಲ್ಕನೆಯದರ ಕುತ್ತಿಗೆಯ ಹತ್ತಿರ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡಿತು.

ಅವನು ಅದನ್ನು ಒರೆಸಿ ಮತ್ತೆ ಸುಣ್ಣ ಬಳಿದ. ಮತ್ತೆ ಅಲ್ಲೇ ಮೂಡಿತು.

ಬಳ್ಳಾರಿಯಲ್ಲಿ ಅವನು ಇಂಥದೊಂದನ್ನು ಕಣ್ಣಾರೆ ಕಂಡಿದ್ದ. ಲಾರಿ ಹಳ್ಳಕ್ಕೆ ಇಳಿಯುತ್ತಿರುವಾಗ ಒಳಗೆ ರಾಡು ಮುರಿದಿತ್ತು. ಮುರಿದ ತುಂಡು ಎಂಜಿನ್ನಿನ ಪಕ್ಕೆ ಒಡೆದು ಹೊರಗೆ ಬಂತು, ಎಂಜಿನ್ ಬಿಗಿದುಕೊಂಡಿತು, ಅದರ ಜೊತೆಗೆ ಹಿಂದಿನ ಗಾಲಿಗಳೂ ನಿಂತುಬಿಟ್ಟವು. ಲಾರಿ ಮಗ್ಗುಲಾಗಿ ಜಾರಿ ಉರುಳಿತು. ಮೇಲೆ ಕೂತಿದ್ದವರಲ್ಲಿ ಮೂವರನ್ನು ಚಾಪೆಯಲ್ಲಿ ಸುತ್ತಿ ಹೊತ್ತುಕೊಂಡು ಹೋದರು. ಒಂದು ಚಾಪೆಯ ತುದಿ ಹಿಡಿದವನು ಮೌನಾಚಾರಿಯೇ. ಅದು ಎಷ್ಟು ಹಗುರವಾಗಿತ್ತು ಎಂಬುದು ಅವನ ಕೈಗೆ ಇನ್ನೂ ನೆನಪಿತ್ತು.

ಈಗ ಬಿಚ್ಚಿದ್ದ ಮೋಟಾರು ಕಾರು ಆಲೂರಿನ ಭೀಮಲಿಂಗಪ್ಪನದು. ಯಾರೋ ಗಿರಣಿಯ ದೊರೆ ಓಡಿಸಿ ಬಿಟ್ಟದ್ದನ್ನು ಕೊಂಡು, ಬಾಡಿಗೆಗೆ ಬಿಟ್ಟಿದ್ದ. ಈಗ ಅದು ಹೊಗೆ ಕಾರುತ್ತಿತ್ತು, ಒಳಗೆ ಲಟಲಟ ಅನ್ನುತ್ತಿತ್ತು. ಅದನ್ನು ರಿಪೇರಿ ಮಾಡಿಸಿ, ಆದೋನಿಯಿಂದ ಮಾಧವರಂ ಹೊಳೆಯವರೆಗೆ ಯಾತ್ರೆಯ ಮಂದಿಯನ್ನು ಒಯ್ಯಬೇಕೆಂದು ಅವನ ಆಸೆ. ಸಂಜೆ ಬಂದವನು ಬಿಚ್ಚಿ ಹರಡಿದ ಸಾಮಾನು ನೋಡಿ ನಿಂತಲ್ಲೇ ನಿಂತ.

"ಏನೋ ಆಚಾರಿ, ಕುರಿ ಕೊಯ್ದು ಪಾಲು ಹಾಕಿದಂಗ ಹಾಕೀಯಲ್ಲೋ. ತಿರುಗಿ ಕೂಡ್ತೈತೋ ಇಲ್ಲೋ?"

"ಕೂಡ್ತೈತ್ರಿ ಸಾವ್ಕಾರ್ರ. ರಿಂಗು ಸವದಾವ, ನಾಕಕ್ಕ ನಾಕೂ ಬೇರಿಂಗು ಹೋಗ್ಯಾವ. ಅದಷ್ಟ ಅಲ್ರಿ..."

"ನೂರೈವತ್ತು ರೂಪಾಯಿ ಐತಿ ನನ್ನತ್ರ. ನೂರೈವತ್ತೊಂದು ಇಲ್ಲ. ಅದರಾಗ ಏನಾಗ್ತೈತಿ ಅದನ್ನ ಮಾಡು."

"ರಿಂಗಿಗೂ ಬೇರಿಂಗಿಗೂ ಅದು ಸರಿಹೋಗ್ತೈತ್ರಿ. ಒಂದು ರಾಡೂ ಬದಲಾಯಿಸಿದ್ರ ಚಲೋ. ಮದ್ರಾಸಿನಿಂದ ಬರಬೇಕು. ಲಡಾಯಿ ನಡದೈತಿ, ಎರಡು ತಿಂಗಳಾದರೂ ಹಿಡೀತೈತಿ, ರೇಟೂ..."

"ಎರಡು ತಿಂಗಳು ಇದನ್ನ ಪೂಜಿ ಮಾಡಿಕೋತ ಕುಂದ್ರಲೇನು?" ಭೀಮಲಿಂಗಪ್ಪ ಕೊಡೆಯನ್ನು ನೆಲಕ್ಕೆ ಕುಟ್ಟಿದ. "ಬಡಿಗೇರವನ ಕೈಯಾಗ ಎಂಜಿನ್ ಕೊಟ್ಟೀಯೇನು, ಬಳ್ಳಾರಿಗೆ ಒಯ್ಯಿ ಅಂತ ಊರ ಮಂದೆಲ್ಲ ಅಂದ್ರು. ನಾ ಕೇಳಲಿಲ್ಲ. ಒಂದ ಮಾತು ಹೇಳು. ಇದ್ದ ರೊಕ್ಕದಾಗ ಓಡ್ತೈತೋ ಇಲ್ಲೋ?"

ಮೌನಾಚಾರಿಯ ತಂದೆ ಎತ್ತಿನ ಬಂಡಿ ಕಟ್ಟುತ್ತಿದ್ದವನು. ಬಂಡಿ ಕಟ್ಟುವ ಮನೆಯವನಿಗೆ ಯಾರೂ ಇದುವರೆಗೆ ಇಡೀ ಎಂಜಿನ್ ಬಿಚ್ಚಲು ಕೊಟ್ಟಿರಲಿಲ್ಲ. ಗೆರೆಯ ಮಾತು ಎತ್ತಿದರೆ ಮೋಟಾರು ನಾಳೆಯೇ ಬಳ್ಳಾರಿಯ ದಾರಿ ಹಿಡಿಯುತ್ತದೆ. ಅವನು ನೆಲ ನೋಡಿದ.

"ಓಡ್ತೈತ್ರಿ," ಎಂದ. "ಚಲೋ ಐತಿ."

ಭೀಮಲಿಂಗಪ್ಪ ಹೋದಮೇಲೆ ಆ ಗೆರೆಯನ್ನು ತನ್ನ ಪಂಚೆಯ ಅಂಚಿನಿಂದ ತಾನೇ ಒರೆಸಿದ.

ಹದಿನೈದು ದಿನಕ್ಕೆ ಎಂಜಿನ್ ಕೂಡಿತು. ಡ್ರೈವರ್ ಉರುಕುಂದಪ್ಪ ಹ್ಯಾಂಡಲ್ ತಿರುವಿದ ಎರಡನೇ ಸುತ್ತಿಗೇ ಎದ್ದಿತು. ಹೊಗೆ ಇಲ್ಲ, ಸದ್ದು ಇಲ್ಲ. "ಅಬ್ಬಾ, ಏಮಿ ಸಾಫ್ ಐತಪ್ಪ ಆಚಾರಿ! ಹೊಟ್ಟಿ ತುಂಬಿದ ಕೂಸು ಮಲಗಿದಂಗ ಐತಿ," ಎಂದು ಅವನು ಬಾನೆಟ್ಟು ಬಡಿದ. ಲಟಲಟ ಅಂದಿದ್ದರೂ ಮೌನಾಚಾರಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಇಷ್ಟು ಸಾಫಾಗಿ ಓಡುವುದನ್ನು ಉರುಕುಂದಪ್ಪ ಮೆಲ್ಲಗೆ ಓಡಿಸುವನೇ?

ಮರುದಿನ ಭೀಮಲಿಂಗಪ್ಪನ ತಾಯಿ ಲಿಂಗಕ್ಕ ಆಲೂರಿನಿಂದ ಬಂದಳು. ಮಡಿಲಲ್ಲಿ ಕುಬುಸದ ಖಣ, ಕೊಬ್ಬರಿ ಬಟ್ಟಲು, ಅಕ್ಕಿ.

"ಆಚಾರಿ, ನಿನ್ನ ಹೇಣ್ತಿ ಎಲ್ಲಿ? ಬಂಡಿ ಕಟ್ಟಿದವನ ಹೇಣ್ತಿಗೆ ಉಡಿ ತುಂಬಿ, ಮೊದಲನೇ ಪ್ರಯಾಣಕ್ಕ ಆಕಿನ್ನ ಕುಂದ್ರಸಬೇಕು. ನಿಮ್ಮವ್ವ ನಮ್ಮ ಬಂಡ್ಯಾಗ ಕುಂತು ಹೊಳಿಗೆ ಬಂದಿದ್ದಳು. ಮೋಟಾರಾದ್ರೇನು, ಇದೂ ಬಂಡೀನ. ನಾಳಿ ಗುರುವಾರ, ಎಂಟು ಮಂದಿ ಹೋಗಾಣು. ನನ್ನ ಮಗ್ಗುಲಾಗ ಅಂಬಮ್ಮ."

ಮೌನಾಚಾರಿ ಕೈಯಲ್ಲಿದ್ದ ಪಾನಾವನ್ನು ಕೆಳಗಿಟ್ಟ.

"ಆಕಿಗೆ ಮೋಟಾರು ಆಗಿಬರಂಗಿಲ್ಲ ಯವ್ವಾ. ಪೆಟ್ರೋಲ್ ವಾಸನಿಗೆ ಹೊಟ್ಟಿ ತೊಳಸ್ತೈತಿ."

"ಹಂಗಾದ್ರ ಹುಣಸಿಹಣ್ಣು ಕಟ್ಟಿಕೊಂಡು ಬರಲಿ!" ಉರುಕುಂದಪ್ಪ ನಕ್ಕ. "ಏನು ಆಚಾರಿ, ಹೇಣ್ತೀನ ಬಿಟ್ಟು ಒಂದು ದಿನ ಇರಾಕ ಆಗಂಗಿಲ್ಲೇನು?"

ಎಲ್ಲರೂ ನಕ್ಕರು. ಅವನೂ ನಕ್ಕಂತೆ ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ ಅಂಬಮ್ಮ ಮದುವೆಯ ಸೀರೆಯನ್ನು ಗಾಳಿಗೆ ಹರವಿದ್ದಳು. ಸುದ್ದಿ ಅವನಿಗಿಂತ ಮೊದಲು ಬಂದಿತ್ತು.

"ನೀನು ಹೋಗಬ್ಯಾಡ," ಎಂದ.

"ಯಾಕ್ರಿ?"

"ಬ್ಯಾಡ ಅಂದ್ರ ಬ್ಯಾಡ."

ಅವಳು ಸೀರೆ ಮಡಚುವುದನ್ನು ಬಿಟ್ಟು ಅವನ ಮುಖ ನೋಡಿದಳು. ಹದಿನೈದು ದಿನದಿಂದ ಅವನು ಅರ್ಧ ರೊಟ್ಟಿಗೇ ಏಳುತ್ತಿದ್ದುದನ್ನು ಅವಳು ಕಂಡಿದ್ದಳು. ಆಗ ಅವನು ಎಲ್ಲ ಹೇಳಿದ: ಗೆರೆ, ಬಳ್ಳಾರಿಯ ಲಾರಿ, ಮಾಧವರಂ ದಾರಿಯ ದೊಡ್ಡ ಹಳ್ಳದ ಇಳಿಜಾರು. "ಹತ್ತು ವರ್ಷ ತಡದರೂ ತಡದೀತು. ನಾಳಿಗೇ ಮುರದರೂ ಮುರದೀತು. ನನಗೆ ಗೊತ್ತಿಲ್ಲ."

"ನಾ ಇಳದ್ರ," ಅಂಬಮ್ಮ ಮೆಲ್ಲಗೆ ಕೇಳಿದಳು, "ನನ್ನ ಜಾಗದಾಗ ಯಾರು ಕುಂದ್ರತಾರ?"

ಅವಳು ಸೀರೆಯನ್ನು ಮಡಚಿ, ಪೆಟ್ಟಿಗೆಗೆ ಹಾಕದೆ, ಗೂಟಕ್ಕೆ ಹಾಕಿದಳು.

ಬೆಳಗ್ಗೆ ಮಂದಿ ಕೂಡುವ ಮೊದಲೇ ಅವನು ಎಂಜಿನ್ನಿನ ತಲೆ ಬಿಚ್ಚಿ, ತಳದ ತಟ್ಟೆ ಇಳಿಸಿ, ನಾಲ್ಕನೆಯ ರಾಡನ್ನು ಹೊರಗೆ ತೆಗೆದಿದ್ದ. ತಾಯಿಯ ಜೊತೆ ಬಂದ ಭೀಮಲಿಂಗಪ್ಪ ಎಣ್ಣೆ ಮೆತ್ತಿದ ಆ ಕೈಗಳನ್ನು ಕಂಡು ಕೂಗಿದ.

"ಏನು ಮಾಡೀಯೋ? ಯಾತ್ರೆಯ ಮಂದಿ ಬುತ್ತಿ ಕಟ್ಟಿಕೊಂಡು ನಿಂತಾರ!"

ಮೌನಾಚಾರಿ ರಾಡನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಸುಣ್ಣ ಬಳಿದು ಬಿಸಿಲಲ್ಲಿ ಹಿಡಿದ. ಗೆರೆ ಬಂತು. ಭೀಮಲಿಂಗಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಲಿಂಗಕ್ಕನಿಗೆ ಬೇಗ ಆಯಿತು. ಅವಳು ಬಂಡಿಯ ಅಚ್ಚು ಮುರಿದದ್ದನ್ನು ಕಂಡವಳು. ಹತ್ತಿರ ಬಂದು ಗೆರೆಯ ಮೇಲೆ ಬೆರಳಿಟ್ಟಳು.

"ಇದರ ಮ್ಯಾಲೆ ನನ್ನ ಕುಂದ್ರಸ್ತಿದ್ದೇನೋ ಯಪ್ಪಾ?"

"ಹೌದು ಯವ್ವಾ," ಎಂದ ಅವನು.

ಭೀಮಲಿಂಗಪ್ಪನ ಕೊಡೆ ಮೇಲೆದ್ದದ್ದು ಅರ್ಧದಲ್ಲೇ ನಿಂತಿತು. ತಾನು ಅವತ್ತು ಅವನ ಮಾತನ್ನು ಪೂರ್ತಿ ಆಡಗೊಡಲಿಲ್ಲ ಎಂಬುದು ಅವನಿಗೂ ನೆನಪಾಗಿರಬೇಕು. "ಈಗೇನು ಮಾಡಬೇಕು?" ಎಂದು ಕೇಳಿದ.

"ಹೊಸ ರಾಡು ಬರೋತನಕ ಆ ಸಿಲಿಂಡರು ಖಾಲಿ ಬಿಡತೀನ್ರಿ. ಅದರ ಪಿಸ್ಟನ್ನೂ ಹೊರಗ ಇರಲಿ. ಮೂರರ ಮ್ಯಾಲೆ ಓಡ್ತೈತಿ. ನಡಗ್ತೈತಿ, ಏರು ಹತ್ತಂಗಿಲ್ಲ. ಎಂಟು ಮಂದಿ ಬ್ಯಾಡ, ಐದು ಸಾಕು. ಇಲ್ಲದ್ದು ಮುರಿಯಂಗಿಲ್ಲರಿ."

ಉಳಿದ ಯಾತ್ರೆಯವರನ್ನು ಮನೆಗೆ ಕಳಿಸಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹೊರಟರು. ತಾಯಿ ಮಗ ಹಿಂದೆ, ಅವರ ಪಕ್ಕ ಉಡಿ ತುಂಬಿಸಿಕೊಂಡ ಅಂಬಮ್ಮ, ಮುಂದೆ ಉರುಕುಂದಪ್ಪ. ಮೌನಾಚಾರಿ ಫುಟ್‌ಬೋರ್ಡಿನ ಮೇಲೆ ನಿಂತು ಬಾನೆಟ್ಟಿನತ್ತ ಬಗ್ಗಿದ್ದ. ಮೋಟಾರು ಚಳಿಜ್ವರ ಬಂದವರಂತೆ ನಡುಗುತ್ತ ಹೋಯಿತು.

ದೊಡ್ಡ ಹಳ್ಳ ಬಂತು. ಇಳಿಜಾರಿನಲ್ಲಿ ಉರುಕುಂದಪ್ಪನ ಕತ್ತಿನ ಮೇಲೆ ಬೆವರು ಹರಿಯಿತು. ಲಿಂಗಕ್ಕ ಕಣ್ಣು ಮುಚ್ಚಿದಳು. ಮೌನಾಚಾರಿ ಉಸಿರು ಹಿಡಿದು ಕೇಳಿದ: ಮೂರು ಬಡಿತ, ಒಂದು ತೆರಪು, ಮೂರು ಬಡಿತ, ಒಂದು ತೆರಪು. ಗಾಲಿಗಳು ತಿರುಗುತ್ತಲೇ ಇದ್ದವು. ಮರಳು ಸಿಕ್ಕಿತು, ನೀರು ಸಿಕ್ಕಿತು, ದಾಟಿದರು. ಆಚೆಯ ಏರು ಮಾತ್ರ ಹತ್ತಲಿಲ್ಲ. ಎಲ್ಲರೂ ಇಳಿದು ನೂಕಿದರು.

ಮೇಲೆ ಬಂದು ದಣಿವಾರಿಸಿಕೊಳ್ಳುವಾಗ ಭೀಮಲಿಂಗಪ್ಪ ಅವನ ಹತ್ತಿರ ಬಂದ.

"ಉಳದ ಮೂರು ಹ್ಯಾಂಗದಾವ?"

"ನೋಡೀನ್ರಿ. ಚಲೋ ಅದಾವ."

"ಅವತ್ತೂ ಚಲೋ ಐತಿ ಅಂದಿದ್ದೆಲ್ಲ."

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಭೀಮಲಿಂಗಪ್ಪ ಮೆಲ್ಲಗೇ ಅಂದಿದ್ದ. ಮೌನಾಚಾರಿ ಉಳಿದ ಮೂರನ್ನೂ ತಾನು ಎರಡೆರಡು ಸಲ ಸುಣ್ಣ ಬಳಿದು ನೋಡಿದ್ದೆ ಎಂದು ಹೇಳಬಹುದಿತ್ತು. ಹೇಳಿದರೆ ನಂಬುವವರು ಯಾರು?

ಅಂಬಮ್ಮ ಬಂದು ಬಾಗಿಲು ತೆಗೆದು, ಮಡಿಲಿನ ಅಕ್ಕಿ ಚೆಲ್ಲದಂತೆ ಸೆರಗು ಹಿಡಿದು, ಒಳಗೆ ಕೂತಳು. ಲಿಂಗಕ್ಕ ಅವಳನ್ನೂ ಮೋಟಾರನ್ನೂ ನೋಡಿದಳು. "ನಾ ಮುಂದಿನ ಊರತನಕ ನಡದ ಬರ್ತೀನಿ, ಮಗನ," ಎಂದು ಭೀಮಲಿಂಗಪ್ಪನ ಕೈ ಹಿಡಿದಳು.

ತಾಯಿ ಮಗ ದೂಳಿನಲ್ಲಿ ಹಿಂದೆ ನಡೆದು ಬಂದರು. ಉರುಕುಂದಪ್ಪ ಮೋಟಾರನ್ನು ಅವರ ನಡಿಗೆಗೆ ಸರಿಯಾಗಿ ಬಿಟ್ಟ. ಮೌನಾಚಾರಿ ತಿರುಗಿ ನೋಡಲಿಲ್ಲ. ಬಾನೆಟ್ಟಿನ ತಗಡಿಗೆ ಕಿವಿ ಹಚ್ಚಿ, ಅದು ಸುಡುತ್ತಿದ್ದರೂ ತೆಗೆಯದೆ, ಒಂದೊಂದೇ ಬಡಿತ ಕೇಳುತ್ತ ಹೋದ.