ಅಂಕದ ಚೌಕವಿಲ್ಲದ ಚೀಟಿ

ಸೋಮವಾರ ಬಂತೆಂದರೆ ಶಾಲೆಯ ಗೇಟಿನ ಮುಂದೆ ಅಪ್ಪ ಅಮ್ಮಂದಿರ ಸಾಲು. ಕಾಯಿಲೆ ಹರಡಿ ಶಾಲೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಮಕ್ಕಳು ಮನೆಯಲ್ಲಿ, ಪಾಠ ಲಕೋಟೆಯಲ್ಲಿ. ಗುಮಾಸ್ತ ಗೇಟಿನ ಸರಳುಗಳ ನಡುವಿನಿಂದ ಈ ವಾರದ ಲಕೋಟೆ ಕೊಡುತ್ತಿದ್ದ, ಹೋದ ವಾರದ್ದನ್ನು ಇಸಿದುಕೊಳ್ಳುತ್ತಿದ್ದ. ಆಫೀಸಿನ ಕಿಟಕಿಯಿಂದ ಆ ಸಾಲನ್ನು ನೋಡುತ್ತ ಹೆಡ್‌ಮೇಡಂ, ಒಂದು ಸೋಮವಾರವೂ ತಪ್ಪಿಸದೆ ನಡೆಸಿಕೊಂಡು ಬಂದೆನಲ್ಲ ಎಂದು ಸಮಾಧಾನಪಡುತ್ತಿದ್ದರು. ಪಡಬೇಕಾದ್ದೇ. ಅಕ್ಕಪಕ್ಕದ ಎಷ್ಟೋ ಶಾಲೆಗಳು ಕೈಚೆಲ್ಲಿ ಕೂತಿದ್ದವು.

ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಅವರು ಮಾಡಿದ್ದು ಕೆಟ್ಟ ಕೆಲಸ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಅವರು ಕಲಿತದ್ದು ಒಂದೇ ಮಾತು: ಯಾರಾದರೂ ಬಂದು ಕೇಳಿದರೆ ತೋರಿಸಲು ಕೈಯಲ್ಲಿ ಕಾಗದ ಇರಬೇಕು. ಹಾಗಾಗಿ ಲಕೋಟೆಗೊಂದು ನಿಯಮ ಮಾಡಿದ್ದರು. ಪ್ರತಿ ಹಾಳೆಯ ಬಲತುದಿಯಲ್ಲಿ ಅಂಕ ಬರೆಯುವ ಚೌಕ ಇರಲೇಬೇಕು. ಚೌಕವಿಲ್ಲದ ಹಾಳೆ ಲಕೋಟೆಯೊಳಗೆ ಹೋಗಕೂಡದು.

ಆ ನಿಯಮಕ್ಕೆ ಸಿಕ್ಕಿಬಿದ್ದವರು ಪರಿಸರ ಪಾಠದ ಮೇಷ್ಟ್ರು. ಮಕ್ಕಳ ಬಾಯಲ್ಲಿ ಅವರು ಹಕ್ಕಿ ಮೇಷ್ಟ್ರು. ವರ್ಷವರ್ಷ ಕರಾರು ಬರೆದು ಇಟ್ಟುಕೊಂಡಿದ್ದ ಕೆಲಸ, ಕಾಯಂ ಅಲ್ಲ. ಪ್ರತಿ ಲಕೋಟೆಗೂ ಅವರು ಅಂಗೈಯಗಲದ ಒಂದು ಚೀಟಿ ಹಾಕುತ್ತಿದ್ದರು. 'ನಿಮ್ಮ ಮನೆಯ ಯಾವ ನಲ್ಲಿ ತೊಟ್ಟಿಕ್ಕುತ್ತದೆ? ಅದರ ಕೆಳಗೊಂದು ಲೋಟ ಇಡಿ. ತುಂಬಲು ಎಷ್ಟು ಹೊತ್ತು ಬೇಕು?' ಒಂದು ವಾರ ಹೀಗಿದ್ದರೆ ಇನ್ನೊಂದು ವಾರ, 'ಬೆಳಿಗ್ಗೆ ಎಂಟಕ್ಕೆ ಕಿಟಕಿಯಿಂದ ಕಾಣುವ ಹಕ್ಕಿಗಳನ್ನು ಎಣಿಸಿ. ಹೆಸರು ಗೊತ್ತಿಲ್ಲದಿದ್ದರೆ ನೀವೇ ಇಡಿ.'

"ಇದಕ್ಕೆ ಚೌಕ ಎಲ್ಲಿ ಮೇಷ್ಟ್ರೇ?" ಎಂದರು ಹೆಡ್‌ಮೇಡಂ, ಚೀಟಿಯನ್ನು ತಿರುಗಿಸಿ ನೋಡುತ್ತ.

"ಹಕ್ಕಿ ನೋಡಿದ ಮಗೂಗೆ ಎಷ್ಟು ಮಾರ್ಕ್ಸ್ ಕೊಡೋದು ಮೇಡಂ? ಹತ್ತಕ್ಕೆ ಹತ್ತು ಬಿಟ್ಟು ಬೇರೆ ಕೊಡೋಕೆ ನನಗೆ ಬರಲ್ಲ."

"ತಮಾಷೆ ಬೇಡ. ಗಣಿತದ ಹಾಳೆಯೇ ಅರ್ಧ ಜನ ಬರೆದು ಕಳಿಸ್ತಿಲ್ಲ. ಪರೀಕ್ಷೆ ಅಂತ ಬಂದ್ರೆ ಅಪ್ಪ ಅಮ್ಮ ಹಿಡಿಯೋದು ನನ್ನ ಜುಟ್ಟು, ನಿಮ್ಮದಲ್ಲ. ಈ ವರ್ಷ ಒಂದು ದಾಟಲಿ, ಆಮೇಲೆ ಹಕ್ಕಿ, ನಲ್ಲಿ, ಎಲ್ಲ ನೋಡೋಣ."

"ಈ ವರ್ಷವೇ ಬೇಕು ಮೇಡಂ. ನಾಲ್ಕು ಗೋಡೆ ನಡುವೆ ಕೂತಿವೆ ಮಕ್ಕಳು. ಕಿಟಕಿ ಆಚೆ ಇನ್ನೂ ಏನೋ ನಡೀತಿದೆ ಅಂತ ಅವಕ್ಕೆ ಯಾರಾದ್ರೂ ಹೇಳಬೇಕಲ್ಲ."

ಹೆಡ್‌ಮೇಡಂ ಚೀಟಿಗಳ ಕಟ್ಟನ್ನು ಮೇಜಿನ ಆಚೆ ತುದಿಗೆ ಸರಿಸಿದರು. ಮೇಷ್ಟ್ರು ಅದನ್ನೆತ್ತಿ ಜೋಳಿಗೆಗೆ ಹಾಕಿಕೊಂಡು, ನಮಸ್ಕಾರ ಹೇಳಿ ಹೊರಟುಹೋದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತೇನೋ, ಜಗಳವಾದರೂ ಆಗಿ ವಿಷಯ ಅಲ್ಲಿಗೆ ಇತ್ಯರ್ಥವಾಗುತ್ತಿತ್ತು.

ಮುಂದಿನ ವಾರದಿಂದ ಮೇಷ್ಟ್ರು ಬೀದಿಗಿಳಿದರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸೈಕಲ್ ತಳ್ಳಿಕೊಂಡು ಬೀದಿಯಿಂದ ಬೀದಿಗೆ. ರಸ್ತೆಯ ನಡುವೆ ನಿಂತು ಕೈ ತಟ್ಟಿದರೆ ಬಾಲ್ಕನಿಗಳಲ್ಲಿ, ಕಿಟಕಿಗಳಲ್ಲಿ ತಲೆಗಳು ಮೂಡುತ್ತಿದ್ದವು. "ಮೂರನೇ ಮಹಡಿ! ನಿನ್ನ ಲೋಟ ತುಂಬ್ತೋ?" "ಇಪ್ಪತ್ತು ನಿಮಿಷಕ್ಕೆ ಸಾರ್!" "ಹಾಗಾದ್ರೆ ದಿನಕ್ಕೆ ಎಷ್ಟು ಲೋಟ, ಲೆಕ್ಕ ಹಾಕಿ ನಾಳಿದ್ದು ಹೇಳು!" ಒಂದು ಬೀದಿಗೆ ಹತ್ತು ನಿಮಿಷ, ಅಷ್ಟೇ. ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಸಂಬಳ ಹೆಚ್ಚಿಸಿರಲಿಲ್ಲ.

ಒಂದು ಬುಧವಾರ ಒಬ್ಬ ಹುಡುಗನ ತಂದೆ ಆಫೀಸಿಗೇ ಬಂದರು. "ಹತ್ತು ಗಂಟೆಗೆ ಫೋನಿನಲ್ಲಿ ಗಣಿತದ ಕ್ಲಾಸು ಮೇಡಂ. ನನ್ನ ಮಗ ಫೋನು ಬಿಟ್ಟು ಕಿಟಕಿಗೆ ಓಡ್ತಾನೆ. ನಾನು ಮನೆಯಿಂದಲೇ ಕೆಲಸ ಮಾಡ್ತಿದೀನಿ, ಅವನ ಹಿಂದೆ ಓಡಲೋ, ಕೆಲಸ ನೋಡಲೋ? ಅಲ್ಲ, ಮೇಷ್ಟ್ರಾದವರು ಹೀಗೆ ತರಕಾರಿ ಮಾರೋರ ಥರ ಬೀದೀಲಿ ನಿಂತು ಕೂಗಬಹುದಾ?"

ಆ ಮನುಷ್ಯನ ಕಷ್ಟವೂ ಸುಳ್ಳಲ್ಲ. ಹೆಡ್‌ಮೇಡಂ ಮೇಷ್ಟ್ರನ್ನು ಕರೆದು, ಹತ್ತು ಗಂಟೆ ಬೇಡ, ಸಂಜೆ ಹೋಗಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕರೆಯಲಿಲ್ಲ. ಕಾಗದ ಇರಬೇಕಲ್ಲ! ಮೆಮೋ ಬರೆಸಿದರು. 'ಅನುಮತಿಯಿಲ್ಲದೆ ಬೀದಿಯಲ್ಲಿ ಪಾಠ ಮಾಡಿ ಶಾಲೆಯ ಘನತೆಗೆ ಕುಂದು ತಂದಿರುತ್ತೀರಿ.' ಗುಮಾಸ್ತ ಟೈಪು ಮಾಡಿ ತಂದವನು ಒಂದು ಗಳಿಗೆ ನಿಂತ. "ಮೇಡಂ, ನನ್ನ ಮಗಳೂ ಆ ಪಾಠಕ್ಕೆ ಕಾಯ್ತಾಳೆ," ಎಂದ ಮೆಲ್ಲಗೆ. "ನಿನ್ನ ಕೆಲಸ ನೀನು ನೋಡಪ್ಪ," ಎಂದು ಸಹಿ ಹಾಕಿದರು.

ಬೀದಿಯ ಪಾಠ ನಿಂತಿತು. ವರ್ಷದ ಕೊನೆಗೆ ಕರಾರಿನ ಕಾಗದಗಳು ಆಡಳಿತ ಮಂಡಳಿಯ ಮುಂದೆ ಬಂದಾಗ, ಮೆಮೋ ಇದ್ದವರ ಕರಾರು ತಾನಾಗಿಯೇ ಬಿದ್ದುಹೋಯಿತು. ಹೆಡ್‌ಮೇಡಂ ಒಂದು ಮಾತು ಆಡಿದ್ದರೆ ಉಳಿಯುತ್ತಿತ್ತು. ಅವರು ನೀರು ಕುಡಿದು ಲೋಟ ಕೆಳಗಿಟ್ಟು ಮುಂದಿನ ಹೆಸರಿಗೆ ಹೋದರು.

ಮನೆಯಲ್ಲಿ ಅವರ ಅಕ್ಕ ಇದ್ದಳು, ಬಟ್ಟೆ ಹೊಲಿಯುವವಳು, ನಾಲಿಗೆಯೂ ಕತ್ತರಿಯೇ. ಒಂದು ದಿನ ಮಿಷನ್ ನಿಲ್ಲಿಸಿ ಕೇಳಿದಳು. "ಅಲ್ಲ ಕಣೇ, ಸೈಕಲ್ ಮೇಷ್ಟ್ರು ಒಬ್ರು ಬರ್ತಿದ್ರಲ್ಲ ನಮ್ಮ ಬೀದಿಗೆ, ಯಾಕೆ ನಿಲ್ಲಿಸಿದ್ರು? ಎದುರು ಮನೆ ಮಕ್ಕಳ ಜತೆ ನಾನೂ ಹಕ್ಕಿ ಎಣಿಸ್ತಿದ್ದೆ. ಅರವತ್ತು ವರ್ಷ ಈ ಕಿಟಕೀಲಿ ಕೂತು ಕಾಗೆ ಒಂದು ಬಿಟ್ಟು ಏನೂ ನೋಡಿರಲಿಲ್ಲ ನಾನು."

"ಬೇರೆ ಕೆಲಸ ಸಿಕ್ಕಿರಬೇಕು," ಎಂದರು ತಂಗಿ. ಅಕ್ಕ ಅವರನ್ನೇ ಒಂದು ಕ್ಷಣ ನೋಡಿ ಮತ್ತೆ ಮಿಷನ್ ತುಳಿದಳು. 

ಶಾಲೆ ತೆರೆಯಿತು. ಕಷ್ಟದ ವರ್ಷದಲ್ಲೂ ಲಕೋಟೆ ನಿಲ್ಲಿಸದ ಹೆಡ್‌ಮೇಡಮ್ಮಿಗೆ ಸನ್ಮಾನ ಮಾಡುವುದೆಂದು ಮಂಡಳಿಯವರು ತೀರ್ಮಾನಿಸಿದರು. ಸಭೆಯಲ್ಲಿ ಓದಲು ಮಕ್ಕಳ ಮಾತೂ ಇರಲಿ ಎಂದು ಐದನೇ ತರಗತಿಗೆ ಬಿಳಿ ಹಾಳೆ ಹಂಚಿಸಿದರು. 'ಶಾಲೆ ಮುಚ್ಚಿದ್ದಾಗ ನಾನು ಕಲಿತದ್ದು.' ಮಧ್ಯಾಹ್ನ ಹೆಡ್‌ಮೇಡಂ ಆ ಕಟ್ಟನ್ನು ಬಿಚ್ಚಿದರು, ತಮ್ಮ ಲಕೋಟೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಸಿಕ್ಕೀತು ಎಂಬ ಆಸೆಯಿಂದಲೇ.

'ನಮ್ಮ ನಲ್ಲಿಯಿಂದ ದಿನಕ್ಕೆ ಎಪ್ಪತ್ತೆರಡು ಲೋಟ ನೀರು ಹೋಗುತ್ತಿತ್ತು. ಅಪ್ಪನನ್ನು ಪೀಡಿಸಿ ವಾಷರ್ ಹಾಕಿಸಿದೆ.' 'ಕಸದ ಬುಟ್ಟಿಯಲ್ಲಿ ಅರ್ಧ ಕಸವೇ ಅಲ್ಲ ಅಂತ ಗೊತ್ತಾಯಿತು.' 'ನಾನು ಒಂದು ಹಕ್ಕಿಗೆ ಅವಸರದ ಅತ್ತೆ ಅಂತ ಹೆಸರಿಟ್ಟೆ.' ಮೂವತ್ತೆಂಟು ಹಾಳೆಗಳಲ್ಲಿ ಲಕೋಟೆಯ ಸುದ್ದಿ ಇದ್ದದ್ದು ಎರಡರಲ್ಲಿ. ಹೆಡ್‌ಮೇಡಂ ಒಂದೊಂದನ್ನೇ ಮಗುಚಿಡುತ್ತ ಹೋದರು. ಕೊನೆಗೆ ಉಳಿದದ್ದು ಎರಡನೇ ಬೆಂಚಿನ ಒಬ್ಬ ಮಿತಭಾಷಿ ಹುಡುಗಿಯದು.

'ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ತಂತಿಯ ಮೇಲೆ ಹನ್ನೊಂದು ಹಕ್ಕಿ ಇದ್ದವು. ಅಜ್ಜಿ ವಾಪಸ್ ಬರಲಿಲ್ಲ. ನಾನು ದಿನಾ ಎಣಿಸಿದೆ. ಮೇಷ್ಟ್ರಿಗೆ ಹನ್ನೊಂದು ಅಂತ ಹೇಳಿದ ಮೇಲೆ ಅವರು ಬರಲೇ ಇಲ್ಲ. ನಾನು ತಪ್ಪು ಎಣಿಸಿದೆನೋ ಏನೋ.'

ಹೆಡ್‌ಮೇಡಂ ಹಾಳೆಯನ್ನು ಮತ್ತೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಮಗು, ಮನೆಯಲ್ಲಿ ಸಾವು, ಎಣಿಸುವುದಕ್ಕೆ ಹನ್ನೊಂದು ಹಕ್ಕಿ. ಅದನ್ನು ಕೇಳಿಸಿಕೊಳ್ಳಲು ಬರುತ್ತಿದ್ದ ಒಬ್ಬನೇ ಮನುಷ್ಯನನ್ನು ತಾವು ಒಂದು ಸಹಿಯಿಂದ ಓಡಿಸಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು.

ಮೇಷ್ಟ್ರು ಈಗ ಔಷಧಿ ಗೋದಾಮೊಂದರಲ್ಲಿದ್ದರು. ಲಾರಿಯಿಂದ ಇಳಿದ ಪೆಟ್ಟಿಗೆ ಎಣಿಸಿ ಬರೆದುಕೊಳ್ಳುವ ಕೆಲಸ. ಗುಮಾಸ್ತನಿಂದ ವಿಳಾಸ ಪಡೆದು ಹೆಡ್‌ಮೇಡಂ ಮರುದಿನವೇ ಹೋದರು. ಕಿಟಕಿಯೇ ಇಲ್ಲದ ಕಟ್ಟಡ, ಹಗಲಲ್ಲೂ ಟ್ಯೂಬ್‌ಲೈಟು. ಮೇಷ್ಟ್ರು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಎದ್ದು ಬಂದರು, ಖಾಲಿ ಪೆಟ್ಟಿಗೆಯೊಂದನ್ನು ಒರೆಸಿ ಕೂರಲು ಕೊಟ್ಟರು.

"ಸಭೆಗೆ ನೀವು ಬರಬೇಕು ಮೇಷ್ಟ್ರೇ. ಆ ಸನ್ಮಾನ ಆಗಬೇಕಾದ್ದು ನಿಮಗೆ. ನಾನು ಮಂಡಳಿಯವರ ಹತ್ರ ಮಾತಾಡ್ತೀನಿ. ಮೆಮೋ ವಾಪಸ್ ತಗೋತೀನಿ ಅಂತ ಬರೆದುಕೊಡ್ತೀನಿ."

"ಮೆಮೋ ಇದೆ ಅಂತ ಎರಡು ಶಾಲೆಯವರು ಬೇಡ ಅಂದ್ರು ಮೇಡಂ," ಎಂದರು ಮೇಷ್ಟ್ರು. ದನಿಯಲ್ಲಿ ದೂರಿರಲಿಲ್ಲ. "ಬರೆದುಕೊಟ್ರೆ ಉಪಕಾರ ಆಗುತ್ತೆ. ಆದ್ರೆ ಈ ವರ್ಷದ ಜಾಗ ಎಲ್ಲ ತುಂಬಿಹೋಗಿವೆ. ಶಾಲು ಹೊದೆಸಿಕೊಂಡು ಮತ್ತೆ ಇಲ್ಲಿಗೇ ಬಂದು ಪೆಟ್ಟಿಗೆ ಎಣಿಸಬೇಕಲ್ಲ. ಬೇಡ ಬಿಡಿ."

ಹೆಡ್‌ಮೇಡಂ ಕೈಚೀಲದಿಂದ ಆ ಹುಡುಗಿಯ ಹಾಳೆ ತೆಗೆದುಕೊಟ್ಟರು. ಮೇಷ್ಟ್ರು ಟ್ಯೂಬ್‌ಲೈಟಿನ ಕೆಳಗೆ ಹೋಗಿ ಓದಿದರು. ತಿರುಗಿದಾಗ ಕಣ್ಣು ಕೆಂಪಾಗಿದ್ದವು.

"ಹನ್ನೊಂದೇ ಇದ್ವು ಮೇಡಂ. ಅವಳು ಹೇಳಿದಾಗ ನಾನೂ ಎಣಿಸಿದ್ದೆ. ಮಗು ಇಷ್ಟು ದಿನ ತನ್ನ ತಪ್ಪು ಅಂದ್ಕೊಂಡಿದೆ!" ಅವರ ದನಿ ಮೊದಲ ಸಲ ಏರಿತು. "ನನಗೆ ಶಾಲು ಬೇಡ, ಹಾರ ಬೇಡ. ನಾನಾಗಿ ಬಿಟ್ಟುಹೋಗಲಿಲ್ಲ ಅಂತ ಮಕ್ಕಳಿಗೆ ಹೇಳಿ. ಅದೊಂದು ಮಾಡಿ."

ಮಂಡಳಿಯ ಅಧ್ಯಕ್ಷರು ಆ ಸಂಜೆ ಫೋನಿನಲ್ಲಿ ಬುದ್ಧಿ ಹೇಳಿದರು. "ಹಾವೂ ಸಾಯಬಾರದು, ಕೋಲೂ ಮುರೀಬಾರದು ಮೇಡಂ. ಮೆಮೋ ರದ್ದು ಮಾಡಿ, ಯಾರು ಬೇಡ ಅಂತಾರೆ? ಆದ್ರೆ ಹೆಡ್ ಆದವರು ಮಕ್ಕಳ ಮುಂದೆ ತಪ್ಪಾಯ್ತು ಅಂದ್ರೆ ನಾಳೆ ಯಾರು ನಿಮ್ಮ ಮಾತು ಕೇಳ್ತಾರೆ?" ಸನ್ಮಾನ ಬೇಡವೆಂದು ಹೇಳಿ ಹೆಡ್‌ಮೇಡಂ ಫೋನ್ ಇಟ್ಟರು. ಮೆಮೋ ರದ್ದಾದ ಪತ್ರ ಬರೆದು, ಆ ಎರಡು ಶಾಲೆಗಳಿಗೂ ಒಂದೊಂದು ಪ್ರತಿ ಕಳಿಸಿದರು. ತಡವಾಗಿತ್ತು, ಗೊತ್ತಿತ್ತು.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅವರು ಮೈಕಿನ ಮುಂದೆ ಬಂದರು. ಮಾತು ಬರೆದುಕೊಂಡು ಬಂದಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಕೈಯಲ್ಲಿ ಕಾಗದವಿಲ್ಲದೆ ನಿಂತದ್ದು ಅದೇ ಮೊದಲು.

"ಮಕ್ಕಳೇ, ಹಕ್ಕಿ ಮೇಷ್ಟ್ರು ನಿಮ್ಮನ್ನ ಬಿಟ್ಟು ಹೋಗಲಿಲ್ಲ. ಯಾವ ಮಗೂನೂ ತಪ್ಪು ಎಣಿಸಲಿಲ್ಲ. ಅವರಿಗೆ ಬರಬೇಡಿ ಅಂತ ಮೆಮೋ ಕೊಟ್ಟು ನಿಲ್ಲಿಸಿದವಳು ನಾನು. ಮೆಮೋ ಅಂದ್ರೆ, ತಪ್ಪು ಮಾಡಿದವರಿಗೆ ದೊಡ್ಡವರು ಕೊಡೋ ಕಾಗದ. ಅವರು ತಪ್ಪು ಮಾಡಿರಲಿಲ್ಲ. ನಾನು ಮಾಡಿದ್ದೆ."

ಅಂಗಳದ ಸಾಲಿನಲ್ಲಿ ಹನ್ನೊಂದು ಹಕ್ಕಿ ಎಣಿಸಿದ ಹುಡುಗಿ ತಲೆಯೆತ್ತಿ ನೋಡಿದಳು, ಹೆಗಲಿಂದ ಏನೋ ಇಳಿದಂತೆ ಉಸಿರು ಬಿಟ್ಟಳು. ಸಾಲುಗಳ ಹಿಂದೆ ಗುಮಾಸ್ತ ಬಾಗಿಲಿಗೊರಗಿ ನಿಂತಿದ್ದ. ಅಷ್ಟರಲ್ಲಿ ಮುಂದಿನ ಸಾಲಿನ ಎರಡನೇ ತರಗತಿಯ ಪುಟ್ಟ ಹುಡುಗಿಯೊಬ್ಬಳು ಕೈಯೆತ್ತಿದಳು. ಅವಳ ತರಗತಿಯ ಮೇಡಂ ಕಣ್ಣು ಬಿಟ್ಟರೂ ಕೈ ಇಳಿಸಲಿಲ್ಲ.

"ಮೇಡಂ, ನಿಮಗೆ ಯಾರು ಮೆಮೋ ಕೊಡ್ತಾರೆ?"

ಎಲ್ಲೋ ಯಾರೋ ಕಿಸಕ್ಕೆಂದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ಹೆಡ್‌ಮೇಡಂ ಮೈಕು ಬಿಟ್ಟು ಎರಡು ಮೆಟ್ಟಿಲು ಇಳಿದು ಬಂದು ಆ ಮಗುವಿನ ಮುಂದೆ ನಿಂತರು.

"ಯಾರೂ ಕೊಡಲ್ಲ ಮಗಳೇ," ಎಂದರು. "ಅದಕ್ಕೇ ಹೀಗಾಯ್ತು."