ಅನಗತ್ಯ ಸದ್ದು

"ಇದನ್ನ ಬರೆದಿದ್ದು ಯಾರು?" ಅವಳು ಲ್ಯಾಪ್‌ಟಾಪನ್ನು ಗಂಡನತ್ತ ತಿರುಗಿಸಿದಳು.

ಅವರ ವಿಡಿಯೋ ಗೇಮ್ ಮಾರುವ ಪುಟದಲ್ಲಿ ಯಾರೋ ಕೇಳಿದ್ದರು: ಸಂಗೀತ ಮಾತ್ರ ಬೇರೆಯಾಗಿ ಕೊಳ್ಳಲು ಸಿಗುತ್ತದೆಯೇ? ಕೆಳಗೆ ಉತ್ತರ: 'ಇಲ್ಲ. ಬೇರೆಯಾಗಿ ಮಾರುವಂಥದ್ದೇನೂ ಅದರಲ್ಲಿಲ್ಲ.' ಹತ್ತೊಂಬತ್ತು ಜನ ಕೇಳಿದ್ದರು. ಹತ್ತೊಂಬತ್ತಕ್ಕೂ ಅದೇ ಉತ್ತರ.

"ನಾನೇ. ಏನೀಗ?"

ಮೂರು ವರ್ಷ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಇಬ್ಬರೂ ಆ ವಿಡಿಯೋ ಗೇಮ್ ಮಾಡಿದ್ದರು. ಕಥೆ, ಚಿತ್ರ, ಕೋಡ್ ಅವನವು. ಹನ್ನೊಂದು ಸಂಗೀತದ ತುಣುಕುಗಳು ಅವಳವು. ಬಂದ ನಾಲ್ಕು ವಿಮರ್ಶೆಗಳೂ ಆಟವನ್ನು ಬೈದು ಸಂಗೀತವನ್ನು ಹೊಗಳಿದ್ದವು. ಅಂದಿನಿಂದ ಅವನು ಊಟಕ್ಕೆ ಕೂತಾಗಲೂ ಹೆಡ್‌ಫೋನ್ ತೆಗೆಯುತ್ತಿರಲಿಲ್ಲ.

"ಸಂಗೀತಾನ ಆಟದ ಪಕ್ಕದಲ್ಲೇ ಇಟ್ಟು ಮಾರಬಹುದು," ಅಂದಳು. " ಇಲ್ಲಾಂದ್ರೆ ಹಾಡು ಮಾರೋ ಸೈಟಿಗೆ ಹಾಕ್ತೀನಿ. ನಿನ್ನ ಗಂಟೇನು ಹೋಗುತ್ತೆ?"

"ನನ್ನ ಆಟ ಇಲ್ದಿದ್ರೆ ನಿನ್ನ ಸಂಗೀತಾನ ಯಾರು ಮೂಸಿ ನೋಡ್ತಿದ್ರು?"

"ಈಗ ನಿನ್ನ ಆಟಾನೇ ಯಾರೂ ಮೂಸ್ತಿಲ್ವಲ್ಲ."

ಅಂದ ಮೇಲೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಕಚ್ಚಿಕೊಳ್ಳಲಿಲ್ಲ.

ಅವನು ನಕ್ಕ. ಅವಳ ಎದುರೇ ಆಟದಿಂದ ಸಂಗೀತದ ಹನ್ನೊಂದು ಕಡತಗಳನ್ನೂ ಒಂದೊಂದಾಗಿ ಅಳಿಸಿ, ಹೊಸ ಆವೃತ್ತಿಯನ್ನು ಕೂಡಲೇ ಬಿಡುಗಡೆ ಮಾಡಿದ. ಬದಲಾವಣೆಗಳ ಪಟ್ಟಿಯಲ್ಲಿ ಒಂದೇ ಸಾಲು ಬರೆದ: 'ಅನಗತ್ಯ ಸದ್ದು ತೆಗೆಯಲಾಗಿದೆ.'

"ತಗೊಂಡು ಹೋಗು. ಸಂತೆಲಿಟ್ಟು ಮಾರ್ಕೋ."

ಅತ್ತೆ ಬಾಗಿಲಲ್ಲಿ ಇಣುಕಿದರು. "ಯಾರು ಗೆದ್ರಿ?" ಇಬ್ಬರ ಮುಖ ನೋಡಿ ಬಟ್ಟೆ ಮಡಚಲು ಹೋದರು.

ಮೂಲ ಕಡತಗಳು ಅವಳ ಬಳಿಯೇ ಇದ್ದವು. ಕೀಬೋರ್ಡನ್ನೂ ಸ್ಪೀಕರುಗಳನ್ನೂ ಹೊತ್ತು ಅವಳು ಹಿಂದಿನ ಕೋಣೆ ಸೇರಿದಳು. ಆಟದ ಸಂಗೀತಕ್ಕೆ ಕೊನೆ ಎಂಬುದಿರುವುದಿಲ್ಲ. ಆಡುವವನು ನಿಲ್ಲಿಸುವ ತನಕ ಗಾಣದೆತ್ತಿನಂತೆ ಸುತ್ತುತ್ತಲೇ ಇರಬೇಕು. ಕೊಂಡು ಕೇಳುವವರಿಗೆ ಅದು ಒಂದು ಕಡೆ ಮುಗಿಯಬೇಕು. ಐದು ದಿನ ಕೂತು ಹತ್ತಕ್ಕೆ ಕೊನೆ ಕಟ್ಟಿದಳು. ಎಂಟನೆಯದು ಮಾತ್ರ ಏನು ಮಾಡಿದರೂ ಮುಗಿಯಲೊಲ್ಲದೆ, ಕಡೆಗೆ ಅರ್ಧಕ್ಕೇ ಕತ್ತರಿಸಿದಳು.

ಸೈಟಿನ ಅರ್ಜಿ ಕೇಳಿತು: ಯಾವ ಆಟದ್ದು? ಆಟದ ಹೆಸರಿಲ್ಲದಿದ್ದರೆ ಹುಡುಕುವವರಿಗೆ ಸಿಗುವುದಿಲ್ಲ. ಹಲ್ಲು ಕಚ್ಚಿ ಬರೆದಳು. ಸಂಗೀತಗಾರರ ಹೆಸರು? ತವರಿನ ಹೆಸರು ಬರೆದಳು.

ಪ್ರಕಟಿಸುವ ಮುನ್ನ ಕೋಣೆಯ ಬಾಗಿಲು ತೆರೆದು, ಸ್ಪೀಕರನ್ನು ಆಚೆಗೆ ತಿರುಗಿಸಿ ಎಲ್ಲವನ್ನೂ ಜೋರಾಗಿ ಹಾಕಿದಳು.

ಮುಂದಿನ ಕೋಣೆಯಲ್ಲಿ ಅವನ ಟೈಪಿಂಗ್ ನಿಂತಿತು. ಹನ್ನೊಂದನೆಯದು ಮುಗಿಯುವವರೆಗೂ ಮತ್ತೆ ಶುರುವಾಗಲಿಲ್ಲ. ಆಮೇಲೆ ಕುರ್ಚಿ ಸರಿದ ಸದ್ದು, ಅವನ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡ ಸದ್ದು.